ಹಚ್ಚೆಯ ಬಾಣಂತನ

ಹಚ್ಚೆ ಹಾಕಿಸಿಕೊಳ್ಳಲು ಒಂದು ಮಧ್ಯಾಹ್ನ ಸಾಕು. ಆಮೇಲೆ ಅದನ್ನು ಸಲಹುವುದಕ್ಕೆ ಮಾತ್ರ ಮನೆಮಂದಿಯೆಲ್ಲ ಟೊಂಕ ಕಟ್ಟಬೇಕು. ನನ್ನ ಮಗಳು ಮುಂಗೈಯ ಮೇಲೆ ಮಲ್ಲಿಗೆ ಬಳ್ಳಿಯೊಂದನ್ನು ಬರೆಸಿಕೊಂಡು ಬಂದಾಗ ಜೊತೆಯಲ್ಲಿ ಒಂದು ಅಚ್ಚಾದ ಹಾಳೆಯೂ ಬಂತು. ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ಮುಲಾಮನ್ನು ತೆಳ್ಳಗೆ ಹಚ್ಚಿರಿ. ಮಾಡಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಮಾಡಬಾರದ್ದು: ಉಜ್ಜಬೇಡಿ, ಕೆರೆಯಬೇಡಿ, ಕೀಳಬೇಡಿ, ನೆನೆಸಬೇಡಿ, ಬಿಸಿಲಿಗೆ ಒಡ್ಡಬೇಡಿ.

ನಮ್ಮ ಜಾಯಮಾನಕ್ಕೆ ಒಗ್ಗುವ ವೈದ್ಯ ಇದಲ್ಲ. ಮೈಸೂರಿನ ಮನೆಗಳಲ್ಲಿ ಗಾಯ ಕಂಡರೆ ಏನನ್ನಾದರೂ ಮೆತ್ತದೆ ಕೈ ಸುಮ್ಮನಿರುವುದಿಲ್ಲ. ಅರಿಶಿನ, ಕೊಬ್ಬರಿ ಎಣ್ಣೆ, ಲೋಳೆಸರ. ಏನೂ ಸಿಗದಿದ್ದರೆ ಕಾಫಿಪುಡಿ. ನನ್ನ ಅಮ್ಮ ಮಂಡ್ಯ ಕಡೆಯ ಹಳ್ಳಿಯವಳು. ಅವಳ ಕೈಯಲ್ಲೂ ಹಚ್ಚೆಯಿದೆ. ಊರಿಗೆ ಬಂದ ಕೊರವಂಜಿ ಜಗಲಿಯ ಮೇಲೆ ಸಾಲಾಗಿ ಕೂತ ಹುಡುಗಿಯರಿಗೆಲ್ಲ ಅದೇ ಸೂಜಿಗಳಿಂದ ಹುಯ್ದು, ಮೇಲೊಂದಿಷ್ಟು ಅರಿಶಿನ ಬಳಿದು, ಮೊರದ ತುಂಬ ರಾಗಿ ಪಡೆದು ಹೋದಳಂತೆ. ಆ ಅನುಭವದ ಬಲದಿಂದ ಅಮ್ಮ ಮೊಮ್ಮಗಳಿಗೆ ನೇರವಾಗಿ ಬಾಣಂತನವನ್ನೇ ಶುರುಮಾಡಿದಳು. ಗಾಳಿ ಬೀಸದ ಮೂಲೆ, ದಿನಕ್ಕೊಂದು ಒಗೆದ ಹಾಸಿಗೆ ಬಟ್ಟೆ, ಸಂಜೆ ಸಾಂಬ್ರಾಣಿ ಹೊಗೆ. ಬದನೆಕಾಯಿ ನಂಜು, ಆದ್ದರಿಂದ ಬೇಡ. ಒಗೆದ ಹಾಸಿಗೆ ಬಟ್ಟೆಯೊಂದನ್ನು ಹಾಳೆಯೂ ಒಪ್ಪುತ್ತಿತ್ತು. ಬದನೆಕಾಯಿಯ ಬಗ್ಗೆ ಅದರಲ್ಲಿ ಸೊಲ್ಲೇ ಇರಲಿಲ್ಲ. ಒಂದೇ ಸೂಜಿ ಊರೆಲ್ಲ ಸುತ್ತಿದ ಕಾಲದವರು ಶುಚಿಯ ಪಾಠ ಹೇಳುವುದನ್ನು ಕೇಳಿ ನನಗೆ ನಗು ಬಂದರೂ ನಗಲಿಲ್ಲ. ಆ ಮನೆಯಲ್ಲಿ ನಾನೂ ಊಟ ಮಾಡಬೇಕು.

ಮೊದಲ ಗಾಬರಿ ಮಾರನೆಯ ಬೆಳಿಗ್ಗೆ. ಹಚ್ಚೆಯ ಮೇಲೆ ಅಂಟಿಸಿದ್ದ ಪಾರದರ್ಶಕ ಪದರದ ಕೆಳಗೆ ಕಪ್ಪು ನೀರು ಗುಳ್ಳೆ ಕಟ್ಟಿ, ಕೈ ಅಲುಗಿಸಿದಂತೆಲ್ಲ ಆ ಕಡೆಗೂ ಈ ಕಡೆಗೂ ಜರುಗುತ್ತಿತ್ತು. ಬಣ್ಣವೆಲ್ಲ ಸೋರಿಹೋಯಿತು, ಕೊಟ್ಟ ದುಡ್ಡೂ ಅದರ ಜೊತೆಗೆ ಹೋಯಿತು ಎಂದು ಅಮ್ಮ ತೀರ್ಪು ಕೊಟ್ಟಳು. ಹೋಗಿರಲಿಲ್ಲ. ಹಸಿ ಗಾಯದಿಂದ ಒಸರುವ ರಸದ ಜೊತೆ ಮೇಲೆ ಉಳಿದಿದ್ದ ಹೆಚ್ಚುವರಿ ಬಣ್ಣ ಸೇರಿಕೊಂಡಿತ್ತು, ಅಷ್ಟೇ.

ತೊಳೆಯುವುದಕ್ಕೆ ವಾಸನೆಯಿಲ್ಲದ ಸಾಬೂನು ಬೇಕೆಂದಿತ್ತು ಹಾಳೆ. ಇದನ್ನು ಬರೆದವನು ಮೈಸೂರಿನವನಾಗಿರಲಾರ. ಊರಿನ ಹೆಸರನ್ನೇ ಹೊತ್ತ ಗಂಧದ ಸಾಬೂನಿನಲ್ಲಿ ಮಿಂದು ಬೆಳೆದವರಿಗೆ ಘಮವಿಲ್ಲದ್ದು ಸಾಬೂನೇ ಅಲ್ಲ. ಆದರೆ ಹಸಿ ಚರ್ಮಕ್ಕೆ ಸುಗಂಧ ದ್ರವ್ಯ ಉರಿ ತರಿಸುತ್ತದೆ. ಮುಲಾಮಿನದೂ ಇಂಥದೇ ತಕರಾರು: ಧಾರಾಳವಾಗಿ ಬಳಿದರೆ ಚರ್ಮ ಒದ್ದೆಯಾಗಿಯೇ ಉಳಿದು, ಹಕ್ಕಳೆ ನೆನೆದು, ಬಣ್ಣವನ್ನೂ ಕಿತ್ತುಕೊಂಡು ಬರಬಹುದು. ತುಪ್ಪ ಬಡಿಸುವಾಗ ಜಿಪುಣತನ ಗೊತ್ತಿಲ್ಲದ ಅಮ್ಮನ ಕೈಗೆ ಆ ಡಬ್ಬಿ ಸಿಗದಂತೆ ನೋಡಿಕೊಳ್ಳುವುದೇ ನನ್ನ ಪಾಲಿನ ಸೇವೆಯಾಯಿತು. ಕೆಂಪು ದಿನದಿನಕ್ಕೆ ಹರಡಿದರೆ, ಕೀವು ಕಟ್ಟಿದರೆ, ಜ್ವರ ಬಂದರೆ ಮಾತ್ರ ಹಾಳೆಯನ್ನೂ ಅಮ್ಮನನ್ನೂ ಬದಿಗಿಟ್ಟು ನೆಟ್ಟಗೆ ವೈದ್ಯರ ಬಳಿ ಹೋಗಬೇಕು. ನಮಗೆ ಆ ಪ್ರಸಂಗ ಬರಲಿಲ್ಲ.

ಬಂದದ್ದು ನವೆ. ಎರಡನೆಯ ವಾರದ ಹೊತ್ತಿಗೆ ಬಳ್ಳಿಯ ಮೇಲಿನ ಚರ್ಮ ಬಿರುಸಾಗಿ, ಅಂಚಿನಲ್ಲಿ ತೆಳುವಾದ ಹೊಪ್ಪಳೆ ಎದ್ದಿತು. ಎಲೆಯ ಭಾಗದ ಹೊಪ್ಪಳೆಗೆ ಹಸಿರು, ದಂಟಿನ ಭಾಗದ್ದಕ್ಕೆ ಕಪ್ಪು. ಒಂದು ಎಲೆಯ ತುದಿ ಅರ್ಧ ಬಿಟ್ಟುಕೊಂಡು, ಫ್ಯಾನಿನ ಗಾಳಿಗೆ ಅಲುಗಾಡುತ್ತ ದಿನವಿಡೀ ನೇತಾಡಿತು. ಅದನ್ನು ನೋಡಿಯೂ ಕೀಳದೆ ಇರಲು ಋಷಿಗಳ ಸಂಯಮ ಬೇಕು. ಮಗಳಿಗೆ ಅದಿತ್ತು, ನೋಡಲು ಬಂದ ಚಿಕ್ಕಮ್ಮನಿಗೆ ಇರಲಿಲ್ಲ. ತೊಟ್ಟಿಲ ಕೂಸಿನ ಕೆನ್ನೆ ಹಿಂಡುವ ಹುಮ್ಮಸ್ಸಿನಲ್ಲಿ ಬೆರಳು ಮುಂದೆ ಚಾಚಿದಾಗ ನಾವು ಮೂವರೂ ಒಟ್ಟಿಗೆ ಕೂಗಿಕೊಂಡೆವು. ನವೆ ತಡೆಯಲಾರದಾದಾಗ ಅಂಗೈಯಿಂದ ಮೆಲ್ಲಗೆ ತಟ್ಟಬಹುದು, ಉಗುರು ತಾಗಿಸುವಂತಿಲ್ಲ. ನಡುರಾತ್ರಿ ಪಕ್ಕದ ಕೋಣೆಯಿಂದ ಚಪ್ಪಾಳೆಯ ಸದ್ದು ಕೇಳುತ್ತಿತ್ತು.

ಬಣ್ಣದ ಸಿಪ್ಪೆ ಉದುರಿದರೂ ಚಿತ್ರ ಉಳಿಯುವ ಗುಟ್ಟನ್ನು ಮೈಸೂರಿನವರು ಬೇಗ ಹಿಡಿಯಬೇಕು. ಓಟು ಹಾಕಿದ ಬೆರಳಿಗೆ ಬಳಿಯುವ ಶಾಯಿ 1962ರ ಚುನಾವಣೆಯಿಂದ ಇಲ್ಲಿನ ಮೈಸೂರು ಪೇಂಟ್ಸ್ ಕಾರ್ಖಾನೆಯಲ್ಲೇ ತಯಾರಾಗುತ್ತಿದೆ. ಅದರ ಸಿಲ್ವರ್ ನೈಟ್ರೇಟ್ ಎಷ್ಟು ಉಜ್ಜಿದರೂ ಹೋಗದು, ಆದರೆ ಮೇಲ್ಚರ್ಮ ಸವೆದು ಉದುರಿದಾಗ ತಾನೂ ಉದುರುತ್ತದೆ. ಹಚ್ಚೆಯ ಸೂಜಿ ಒಂದೆರಡು ಮಿಲಿಮೀಟರ್ ಒಳಗೆ, ಎರಡನೆಯ ಪದರಕ್ಕೆ ಇಳಿಯುತ್ತದೆ. ಅಲ್ಲಿ ಮೈಯ ಕಾವಲು ಕೋಶಗಳು ಬಣ್ಣವನ್ನು ನುಂಗುತ್ತವೆ, ಜೀರ್ಣಿಸಿಕೊಳ್ಳಲಾರದೆ ಹಾಗೇ ಇಟ್ಟುಕೊಂಡಿರುತ್ತವೆ. ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಬಾಲಕ್ಕೆ ಹಸಿರು ಹಚ್ಚೆ ಹಾಕಿ 2018ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಒಂದು ಕೋಶ ಸತ್ತು ಬಣ್ಣವನ್ನು ಬಿಟ್ಟರೆ ಹೊಸದಾಗಿ ಬಂದ ಕೋಶ ಅದನ್ನು ಎತ್ತಿಕೊಳ್ಳುತ್ತದೆ. ಅಮ್ಮನ ಕೈಯ ಬಣ್ಣವನ್ನು ಇಷ್ಟು ವರ್ಷ ಎಷ್ಟು ತಲೆಮಾರಿನ ಕೋಶಗಳು ವಂಶಪಾರಂಪರ್ಯವಾಗಿ ಹೊತ್ತುಕೊಂಡು ಬಂದಿವೆಯೋ! ಇಲಿಗಳ ಬಾಣಂತನ ಯಾರು ಮಾಡಿದರು ಎಂಬುದು ಅವಳ ಪ್ರಶ್ನೆ.

ಸಿಪ್ಪೆ ಕಳೆದ ಬಳ್ಳಿ ಮೊದಲು ಮಂಕಾಗಿ, ಹಾಲು ಚೆಲ್ಲಿದಂತೆ ಕಂಡು, ಆಮೇಲೆ ನಿಧಾನವಾಗಿ ತಿಳಿಯಾಯಿತು. ಈ ನಡುವೆ ಗೆಳತಿಯರೆಲ್ಲ ಬಲಮುರಿಗೆ ಹೋಗಿ ಕಾವೇರಿಯಲ್ಲಿ ಆಡಿ ಬಂದರು. ಇವಳು ಫೋಟೋ ನೋಡಿದಳು. ಗಾಯ ಪೂರ್ತಿ ಮಾಯುವ ತನಕ ಹೊಳೆ, ಕೆರೆ, ಈಜುಕೊಳ ಯಾವುದೂ ಕೂಡದು. ಕಾಲೇಜಿನ ರಕ್ತದಾನ ಶಿಬಿರದಿಂದಲೂ ಬರಿಗೈಯಲ್ಲಿ ಮರಳಿದಳು. ಹಚ್ಚೆ ಹಾಕಿಸಿಕೊಂಡವರು ಹನ್ನೆರಡು ತಿಂಗಳು ರಕ್ತ ಕೊಡುವಂತಿಲ್ಲವಂತೆ. ಹೆರಿಗೆಯಾದವರಿಗೂ ಅದೇ ಹನ್ನೆರಡು ತಿಂಗಳು ಎಂದು ತಿಳಿದ ಅಮ್ಮ ಆ ವಾರವೆಲ್ಲ ಎದೆಯುಬ್ಬಿಸಿ ಓಡಾಡಿದಳು.

ಈಗ ಉಳಿದಿರುವುದು ಬಿಸಿಲಿನ ಕಾಟ. ಬಿಸಿಲು ಹಳೆಯ ಹಚ್ಚೆಯನ್ನೂ ಮಸುಕು ಮಾಡುವುದರಿಂದ ಸ್ಕೂಟರಿನಲ್ಲಿ ಹೊರಟರೆ ಮಗಳಿಗೆ ತುಂಬುತೋಳಿನ ಅಂಗಿ. ಯಾರಿಗೂ ಕಾಣದ ಬಳ್ಳಿಗೆ ಇಷ್ಟೊಂದು ದುಡ್ಡು ಯಾಕೆ ಸುರಿದೆ ಎಂದು ಕೇಳಿದೆ. ಗಾಯ ಮಾಯಿತಲ್ಲ, ಇನ್ನು ಸನ್‌ಸ್ಕ್ರೀನ್ ಹಚ್ಚಬಹುದು, ಕೊಡಿಸಿದರೆ ತೋಳು ಮಡಚುತ್ತೇನೆ ಎಂದಳು. ಕೊಡಿಸಿದ್ದೇನೆ. ಹಚ್ಚೆಯ ಮೇಲಿಗಿಂತ ಅದು ಅಮ್ಮನ ಮುಖದ ಮೇಲೆಯೇ ಹೆಚ್ಚು ಖರ್ಚಾಗುತ್ತಿದೆ.