ಬುಗ್ಗೆಯ ಕತೆ ಬಿಟ್ಟುಹೋಯಿತು

ಅರಿಜೋನಾದಲ್ಲಿರುವ ಅಮೆರಿಕ ಸೇನೆಯ ಹಳೆಯ ಕೋಟೆ ಫೋರ್ಟ್ ಬೂಯಿ ಬಗೆಗಿನ ಲೇಖನವನ್ನು ಕನ್ನಡದಲ್ಲಿ ಓದಿ ಖುಷಿಯಾಯಿತು. ಆದರೆ ಲೇಖನ ಪೂರ್ತಿ, ಸೇನೆಯ ವಿರುದ್ಧ ಹೋರಾಡಿದ ಅಪಾಚೆ ಬುಡಕಟ್ಟಿನ ಜೆರೊನಿಮೊ ಕತೆಯೇ ಆಯಿತು, ಅಲ್ವಾ? ಸೇನೆ ಕೋಟೆಯಿರುವ ಆ ಕಣಿವೆಯಲ್ಲಿ ಸುಮ್ನೆ ಬಂದು ಕೂತಿದ್ದಲ್ಲ. ಅಲ್ಲಿದ್ದದ್ದು ಅಪಾಚೆ ಸ್ಪ್ರಿಂಗ್ ಎಂಬ ನೀರಿನ ಬುಗ್ಗೆ. ಸುತ್ತಲೂ ಒಣ ನೆಲ, ಕುದುರೆ ದಂಡಿಗೆ ನೀರಿಲ್ಲದೆ ನಡೆಯುತ್ತದೆಯೇ? 1862ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಸೈನಿಕರು ಬಾಯಾರಿ ಬುಗ್ಗೆಯತ್ತ ಹೊರಟಾಗ, ಅಪಾಚೆ ನಾಯಕರಾದ ಕೊಚೀಸ್ ಮತ್ತು ಮಂಗಾಸ್ ಕೊಲೊರಾಡಾಸ್ ಅವರ ಜನ ಗುಡ್ಡದ ಮೇಲಿಂದ ಗುಂಡು ಹಾರಿಸಿದರು. ಫಿರಂಗಿ ತಂದ ಮೇಲೆಯೇ ಸೇನೆಗೆ ನೀರು ಸಿಕ್ಕಿದ್ದು. ಅದೇ ತಿಂಗಳು ಕೋಟೆ ಕೆಲಸ ಶುರು. 1868ರಲ್ಲಿ ಹತ್ತಿರದಲ್ಲೇ ದೊಡ್ಡದಾಗಿ ಹೊಸ ಶಿಬಿರ ಕಟ್ಟಿದರು.

ಇನ್ನೊಂದು ಮಾತು. 1886ರಲ್ಲಿ ಜೆರೊನಿಮೊ ಶರಣಾದ ಮೇಲೆ ಅವನನ್ನು ರೈಲಿನಲ್ಲಿ ಫ್ಲಾರಿಡಾಕ್ಕೆ ಕಳಿಸಿದರು, ಸರಿ. ಆದರೆ ಅವನನ್ನು ಹುಡುಕಲು ಸೇನೆಗೇ ದಾರಿ ತೋರಿಸಿದ ಚಿರಿಕಾವಾ (ಅಪಾಚೆಗಳದೇ ಒಂದು ಪಂಗಡ) ಸ್ಕೌಟ್‌ಗಳನ್ನೂ ಕೈದಿಗಳಾಗಿ ಅಲ್ಲಿಗೇ ಕಳಿಸಿದರು! ನನಗೆ ಜಾಸ್ತಿ ಸಂಕಟವಾಗುವುದು ಇದಕ್ಕೇ.

1894ರಲ್ಲಿ ಸೇನೆ ಹೊರಟಿತು. ಚಾವಣಿ ಹೋದ ಮೇಲೆ ಹಸಿ ಇಟ್ಟಿಗೆ ಗೋಡೆ ಮಳೆಗೆ ಎಷ್ಟು ದಿನ ನಿಲ್ಲುತ್ತದೆ ಹೇಳಿ. ಈಗ ಉಳಿದಿರುವುದು ಮೋಟು ಗೋಡೆಗಳಷ್ಟೇ.