ಸೀಲಿಂಗಿಗೆ ತೂತು, ಸಂಸಾರಕ್ಕೆ ಬೆಳಕು

ಡೌನ್‌ಲೈಟಿನಷ್ಟು ಸಂಕೋಚದ ಸ್ವಭಾವದ ದೀಪ ಇನ್ನೊಂದಿಲ್ಲ ಎಂದು ಅದನ್ನು ಮಾರುವವರು ಹೇಳುತ್ತಾರೆ. ಅದು ಸೀಲಿಂಗಿನೊಳಗೆ ಅಡಗಿ ಕುಳಿತು, ತಾನು ಕಾಣಿಸಿಕೊಳ್ಳದೆ ಬೆಳಕನ್ನು ಮಾತ್ರ ಕೆಳಗೆ ಕಳುಹಿಸುತ್ತದಂತೆ. ನಮ್ಮ ಮನೆಯಲ್ಲಿ ಮಾತ್ರ, ನಡುಮನೆಯ ದೀಪಗಳನ್ನು ಬದಲಾಯಿಸುವ ನಿರ್ಧಾರವಾದಂದಿನಿಂದ ಎಲ್ಲರೂ ಕತ್ತು ಮೇಲೆತ್ತಿಕೊಂಡೇ ಮಾತನಾಡುತ್ತಿದ್ದೇವೆ.

ತಾಪತ್ರಯ ಶುರುವಾದದ್ದು ತೂತಿನಿಂದ. ಡೌನ್‌ಲೈಟಿನ ಪೆಟ್ಟಿಗೆಯ ಮೇಲೆ ಎರಡು ಅಳತೆಗಳಿರುತ್ತವೆ: ಒಂದು ದೀಪದ ಹೊರ ಅಂಚಿನದು, ಇನ್ನೊಂದು ‘ಕಟ್‌ಔಟ್’ ಎಂಬ ಹೆಸರಿನಲ್ಲಿರುವ, ಸೀಲಿಂಗಿನಲ್ಲಿ ಕೊರೆಯಬೇಕಾದ ತೂತಿನದು. ಎರಡನೆಯದು ಮೊದಲನೆಯದಕ್ಕಿಂತ ಚಿಕ್ಕದಾಗಿರಲೇಬೇಕು. ಇಲ್ಲದಿದ್ದರೆ ಅಂಚಿಗೆ ಕೆಲಸವೇ ಇರುವುದಿಲ್ಲ. ನಮ್ಮ ಎಲೆಕ್ಟ್ರೀಷಿಯನ್ ಅನುಭವಸ್ಥನಾದ್ದರಿಂದ ಪೆಟ್ಟಿಗೆಯನ್ನು ಓದುವ ಗೋಜಿಗೆ ಹೋಗಲಿಲ್ಲ. ದೀಪವನ್ನು ಸೀಲಿಂಗಿಗೆ ಒತ್ತಿ ಹಿಡಿದು, ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು, ಆ ಗೆರೆಯ ಮೇಲೆಯೇ ಶ್ರದ್ಧೆಯಿಂದ ಕೊರೆದ. ಜಿಪ್ಸಮ್ ಬೋರ್ಡಿನ ಬಿಳಿ ಪುಡಿ ಅವನ ಹುಬ್ಬು ಮೀಸೆಗಳ ಮೇಲೆ ಕುಳಿತು, ಕೆಲಸ ಮುಗಿಯುವ ಹೊತ್ತಿಗೆ ಅವನಿಗೆ ಒಂದು ತಲೆಮಾರಿನಷ್ಟು ವಯಸ್ಸಾಗಿತ್ತು. ವೈರು ಜೋಡಿಸಿ ಮೊದಲ ದೀಪವನ್ನು ಮೇಲಕ್ಕೆ ತಳ್ಳಿದಾಗ ಅದು ಅಂಚಿನ ಸಮೇತ ಒಳಗೆ ಹೋಗಿ, ಬೋರ್ಡಿನ ಹಿಂದೆ ಎಲ್ಲೋ ಪಕ್ಕಕ್ಕೆ ಮಗುಚಿಕೊಂಡಿತು. ಸ್ವಿಚ್ ಹಾಕಿ ನೋಡಿದರೆ ಅಲ್ಲಿಂದಲೇ ಉರಿಯುತ್ತಿತ್ತು. ಮಾರುವವರು ಹೇಳಿದ ಸಂಕೋಚದ ಸ್ವಭಾವ ಇದೇ ಇರಬೇಕು.

ಈ ದೀಪದ ಎರಡೂ ಬದಿಗೆ ಸ್ಪ್ರಿಂಗಿನ ಕಿವಿಗಳಿರುತ್ತವೆ. ಅವನ್ನು ಬೆರಳುಗಳಿಂದ ಮೇಲಕ್ಕೆ ಮಡಚಿ ಹಿಡಿದು ತೂತಿನೊಳಗೆ ತೂರಿಸಿ ಬಿಟ್ಟರೆ, ಅವು ಬಿಚ್ಚಿಕೊಂಡು ಬೋರ್ಡಿನ ಬೆನ್ನನ್ನು ಕಚ್ಚಿ ಹಿಡಿಯಬೇಕು. ಬೋರ್ಡು ಸಿಗದಿದ್ದರೆ ಬೆರಳನ್ನು ಕಚ್ಚುತ್ತವೆ. ಆ ಮಧ್ಯಾಹ್ನ ಅವು ಬೆರಳಿನಲ್ಲೇ ತೃಪ್ತಿಪಟ್ಟವು. ಕೊನೆಗೆ ಇನ್ನೂ ಅಗಲವಾದ ಅಂಚಿನ ದೀಪಗಳನ್ನು ತರಬೇಕಾಯಿತು. ಹೀಗೆ ನಮ್ಮ ನಡುಮನೆಯ ದೀಪದ ಗಾತ್ರವನ್ನು ತೀರ್ಮಾನಿಸಿದ್ದು ಮನೆಯವರ ಅಭಿರುಚಿಯಲ್ಲ, ತೂತು.

ದೀಪಗಳ ಜಾಗದ ವಿಷಯದಲ್ಲಿಯೂ ಮನೆಯವರ ಮಾತು ನಡೆಯಲಿಲ್ಲ. “ಲೈನ್ ನೋಡಿ ಸಾರ್, ದಾರ ಹಿಡಿದ ಹಾಗೆ ಬಂದಿದೆ” ಎಂದು ಎಲೆಕ್ಟ್ರೀಷಿಯನ್ ಹೆಮ್ಮೆಯಿಂದ ತೋರಿಸಿದ ಸಾಲು ನಿಜಕ್ಕೂ ನೇರವಾಗಿತ್ತು. ಆ ನೇರದಲ್ಲಿ ಒಂದು ದೀಪ ಸರಿಯಾಗಿ ಫ್ಯಾನಿನ ರೆಕ್ಕೆಗಳ ಮೇಲೆ ಬಂದಿತ್ತು. ರೆಕ್ಕೆ ತಿರುಗಿದಂತೆಲ್ಲ ಬೆಳಕು ತುಂಡುತುಂಡಾಗಿ ಕೆಳಗಿಳಿದು, ಅದರಡಿ ಕುಳಿತು ಪತ್ರಿಕೆ ಓದುತ್ತಿದ್ದ ಮಾವನವರಿಗೆ ಅಕ್ಷರಗಳು ಓಡಾಡತೊಡಗಿದವು. ಅವರು ಯಾರಿಗೂ ಹೇಳದೆ ಬಿಪಿ ನೋಡಿಸಿಕೊಂಡು ಬಂದರು. ಬಿಪಿ ಸರಿಯಾಗಿಯೇ ಇತ್ತು. ಕನ್ನಡಕದ ನಂಬರ್ ಬದಲಾಯಿಸಲು ಹೊರಟಿದ್ದಾಗ ಕರೆಂಟು ಹೋಯಿತು, ಫ್ಯಾನು ನಿಂತಿತು, ಇನ್‌ವರ್ಟರಿನಲ್ಲಿ ದೀಪ ಮಾತ್ರ ಉರಿಯುತ್ತಲೇ ಇತ್ತು, ಅಕ್ಷರಗಳು ತಮ್ಮ ತಮ್ಮ ಸ್ಥಾನಕ್ಕೆ ಮರಳಿದವು. ಫ್ಯಾನಿರುವ ಕೋಣೆಯಲ್ಲಿ ದೀಪ ರೆಕ್ಕೆಯ ತುದಿಯಿಂದ ಸಾಕಷ್ಟು ಆಚೆಗಿರಬೇಕು. ಸಾಲು ಸೊಟ್ಟಗಾದರೂ ಚಿಂತೆಯಿಲ್ಲ, ಏಕೆಂದರೆ ಸಾಲನ್ನು ನೋಡುವುದು ಎಲೆಕ್ಟ್ರೀಷಿಯನ್ ಒಬ್ಬನೇ, ಅದೂ ಒಂದೇ ದಿನ.

ಇನ್ನು ಬಲ್ಬಿನ ಲೆಕ್ಕ. ಅತ್ತೆಯವರು ಇಂದಿಗೂ “ಇದು ಎಷ್ಟು ಕ್ಯಾಂಡಲ್ಲಿನದು?” ಎಂದೇ ಕೇಳುವುದು. ಒಂಬತ್ತು ವ್ಯಾಟ್ ಎಂದು ಹೇಳಿದಾಗ, ಅಳಿಯನ ಜಿಪುಣತನ ಇಷ್ಟು ದೂರ ಬಂತೇ ಎಂಬಂತೆ ನೋಡಿದರು. ವ್ಯಾಟ್ ಎಂಬುದು ಬಲ್ಬು ಎಷ್ಟು ವಿದ್ಯುತ್ತನ್ನು ತಿನ್ನುತ್ತದೆ ಎಂಬ ಲೆಕ್ಕವೇ ಹೊರತು ಎಷ್ಟು ಬೆಳಕು ಕೊಡುತ್ತದೆ ಎಂಬುದಲ್ಲ. ಬೆಳಕಿನ ಲೆಕ್ಕ ಲೂಮೆನ್‌ನಲ್ಲಿರುತ್ತದೆ. ಹಳೆಯ 60 ವ್ಯಾಟಿನ ತಂತಿ ಬಲ್ಬು ಸುಮಾರು 800 ಲೂಮೆನ್ ಕೊಡುತ್ತಿತ್ತು, ಅಷ್ಟೇ ಬೆಳಕನ್ನು ಎಂಟೊಂಬತ್ತು ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಇದನ್ನು ವಿವರಿಸಿದ ಮೇಲೆ ಅತ್ತೆಯವರು ತಲೆಯಾಡಿಸಿ, “ಅದೆಲ್ಲ ಸರಿ, ಕ್ಯಾಂಡಲ್ ಎಷ್ಟು?” ಎಂದರು.

ಅದಕ್ಕಿಂತ ದೊಡ್ಡ ರಾದ್ಧಾಂತ ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್‌ನದು. ನನ್ನ ಭಾವಮೈದುನನಿಗೆ ಯಾವ ವಸ್ತುವಿನಲ್ಲೇ ಆಗಲಿ ದೊಡ್ಡ ಅಂಕಿ ಎಂದರೆ ಒಳ್ಳೆಯ ಮಾಲು. ಸಾಲಿಗೆ ಕಡಿಮೆ ಬಿದ್ದ ದೀಪಗಳನ್ನು ತರಲು ಹೋದವನು, ಅದೇ ಕಂಪನಿಯ ಅದೇ ಮಾದರಿಯಲ್ಲಿ 3000 ಮತ್ತು 6500 ಎರಡೂ ಇರುವುದನ್ನು ಕಂಡು, ನಮಗೆ ಉಪಕಾರವಾಗಲೆಂದು 6500ರದನ್ನೇ ತಂದ. ಕಾಯಿಸಿದ ಕಬ್ಬಿಣ ಮೊದಲು ಕೆಂಪಾಗಿ, ಇನ್ನೂ ಕಾದರೆ ಹಳದಿಯಾಗಿ, ಆಮೇಲೆ ಬೆಳ್ಳಗಾಗುವ ಹಾಗೆ, ಕೆಲ್ವಿನ್ ಏರಿದಷ್ಟೂ ಬೆಳಕು ಕೆಂಪು ಬಿಟ್ಟು ನೀಲಿಯ ಕಡೆಗೆ ಸರಿಯುತ್ತದೆ: ಮೇಣದಬತ್ತಿಯದು 2000ಕ್ಕೂ ಕಡಿಮೆ, ತಂತಿ ಬಲ್ಬಿನದು 2700ರ ಆಸುಪಾಸು, ಮೋಡ ಮುಚ್ಚಿದ ಹಗಲಿನದು ಹೆಚ್ಚುಕಡಿಮೆ 6500. ಹೆಚ್ಚು ಬೆಳಕಿಗೂ ಈ ಅಂಕಿಗೂ ಸಂಬಂಧವಿಲ್ಲ. ಅಂದು ರಾತ್ರಿ ಸ್ವಿಚ್ ಹಾಕಿದಾಗ ಸೋಫಾದ ಒಂದು ತುದಿಯಲ್ಲಿ ಮುಸ್ಸಂಜೆಯಾಗಿತ್ತು, ಇನ್ನೊಂದು ತುದಿಯಲ್ಲಿ ಆಪರೇಷನ್ ಥಿಯೇಟರು. ಟಿವಿ ನೋಡುವವರೆಲ್ಲ ಮುಸ್ಸಂಜೆಯ ಕಡೆಗೇ ಒತ್ತಿಕೊಂಡು ಕುಳಿತರು.

ಅಷ್ಟರಲ್ಲಿ ಚಿಕ್ಕಮ್ಮ ಬಂದರು. ಥಿಯೇಟರಿನ ಕಡೆ ನಿಂತಿದ್ದ ನನ್ನ ಹೆಂಡತಿಯನ್ನು ನೋಡಿ, “ಯಾಕಮ್ಮ, ಮೈಗೆ ಹುಷಾರಿಲ್ವಾ?” ಎಂದರು. ಅನಂತರ ಅಲ್ಲಿ ಹಾದುಹೋದ ನನ್ನನ್ನೂ, ಮಗಳನ್ನೂ ಅದೇ ಪ್ರಶ್ನೆ ಕೇಳಿ, ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದೆಂದು ಸೂಚಿಸಿದರು. ಅವರ ಕಣ್ಣಿನದು ತಪ್ಪಿಲ್ಲ. 2014ರಲ್ಲಿ ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂದದ್ದು ನೀಲಿ ಎಲ್‌ಇಡಿಗಾಗಿ. ಇಂದಿನ ಬಿಳಿ ಬಲ್ಬುಗಳಲ್ಲಿ ಬಹುಪಾಲಿನ ಒಳಗೆ ಬೆಳಗುವುದು ಆ ನೀಲಿಯೇ. ಅದರ ಮೇಲೆ ಬಳಿದ ಫಾಸ್ಫರ್ ಎಂಬ ಹಳದಿ ಲೇಪ ಒಂದಷ್ಟು ನೀಲಿಯನ್ನು ನುಂಗಿ ಹಳದಿಯನ್ನು ಹೊರಬಿಡುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ವ್ಯವಹಾರದಲ್ಲಿ ಸೊರಗುವುದು ಕೆಂಪು, ಮನುಷ್ಯರ ಮುಖಕ್ಕೆ ಕಳೆ ಕೊಡುವುದೂ ಅದೇ. ಬಣ್ಣಗಳನ್ನು ಬಲ್ಬು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಂಕವಿದೆ, ನೂರಕ್ಕೆ ಇಷ್ಟು ಎಂದು. ಆದರೆ ಆ ಅಂಕವನ್ನು ಎಂಟು ತಿಳಿ ಬಣ್ಣಗಳ ಸರಾಸರಿಯಿಂದ ಕೊಡುತ್ತಾರೆ. ಗಾಢ ಕೆಂಪು ಒಂಬತ್ತನೆಯದು, ಅದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಕೆಂಪಿನಲ್ಲಿ ನಪಾಸಾದ ಬಲ್ಬು ಒಟ್ಟಿನಲ್ಲಿ ಎಂಬತ್ತು ಅಂಕ ತೆಗೆದುಕೊಂಡು ಫಸ್ಟ್ ಕ್ಲಾಸಿನಲ್ಲಿ ಪಾಸಾಗಬಹುದು. ಮನೆಯವರ ಮುಖ ನೋಡುವ ಆಸೆಯಿದ್ದವರು ತೊಂಬತ್ತು ದಾಟಿದ್ದನ್ನು ಕೇಳಿ ತರುವುದು ಮೇಲು.

ಬೆಳಕು ಹರಡುವ ಕೋನವೂ ಚಿಕ್ಕಮ್ಮನ ಸಂಶಯಕ್ಕೆ ಸಾಕ್ಷಿ ಒದಗಿಸಿತ್ತು. ಇಪ್ಪತ್ತನಾಲ್ಕು ಡಿಗ್ರಿಯ ಕಿರಿದಾದ ಬೆಳಕು ನೆತ್ತಿಯ ಮೇಲಿಂದ ಬಿದ್ದರೆ ಹುಬ್ಬಿನ ನೆರಳು ಕಣ್ಣಿನ ಗುಳಿಯಲ್ಲಿ ತುಂಬಿಕೊಂಡು, ಚೆನ್ನಾಗಿ ನಿದ್ದೆ ಮಾಡಿದವನೂ ವಾರದಿಂದ ನಿದ್ದೆಗೆಟ್ಟವನಂತೆ ಕಾಣುತ್ತಾನೆ. ಅಂಥ ದೀಪ ಗೋಡೆಯ ಚಿತ್ರಪಟಕ್ಕೆ ಚೆಂದ. ಕನ್ನಡಿಯ ಮುಂದೆ ನಿಲ್ಲುವವರ ತಲೆಯ ಮೇಲೆ ಅದನ್ನು ಕೂರಿಸುವುದು ದ್ವೇಷ ಸಾಧನೆಯಷ್ಟೇ. ಕನ್ನಡಿಗೆ ಎರಡೂ ಪಕ್ಕದಿಂದ ಬೆಳಕು ಬರಬೇಕು. ಬಚ್ಚಲಿನ ದೀಪಕ್ಕೆ, ದೂಳು ನೀರುಗಳನ್ನು ಅದು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಅಂಕಿ ನೋಡಿದರೆ ಸಾಕು, ಅದರ ಎರಡನೆಯ ಅಂಕೆ ನೀರಿನದು. ಹೋಲ್ಡರಿಗೆ ಕೂರದ ಬಲ್ಬುಗಳ ಕಥೆ ಎಲ್ಲ ಮನೆಗಳಲ್ಲೂ ಒಂದೇ: ತಿರುಪಿನ ಇ27, ಪಿನ್ನಿನ ಬಿ22, ಎರಡು ಗೂಟದ ಜಿಯು10 ಎಲ್ಲವೂ ಒಂದು ಡ್ರಾಯರಿನಲ್ಲಿ ಸೇರಿಕೊಂಡಿರುತ್ತವೆ, ಬೇಕಾದದ್ದು ಮಾತ್ರ ಇರುವುದಿಲ್ಲ.

ಮಲಗುವ ಕೋಣೆಯಲ್ಲಿ ತಂತಿ ಬಲ್ಬಿನ ಕಾಲದ ಡಿಮ್ಮರ್ ಹಾಗೇ ಉಳಿದಿತ್ತು. ಅದು ಬೆಳಕನ್ನು ತಗ್ಗಿಸಲು ವಿದ್ಯುತ್ತಿನ ಪ್ರತಿ ಅಲೆಯಿಂದಲೂ ಒಂದು ತುಂಡನ್ನು ಕತ್ತರಿಸಿ ತೆಗೆಯುತ್ತದೆ. ಹಳೆಯ ಬಲ್ಬು ಅದನ್ನು ಮೌನವಾಗಿ ಸಹಿಸುತ್ತಿತ್ತು. ‘ಡಿಮ್ಮಬಲ್’ ಎಂದು ಬರೆದಿರದ ಎಲ್‌ಇಡಿ ಸಹಿಸುವುದಿಲ್ಲ, ಗುಂಯ್ಗುಟ್ಟುತ್ತದೆ, ಮಿಣುಕುತ್ತದೆ. ದೀಪ ತಗ್ಗಿಸಿ ಮಲಗಿದ ರಾತ್ರಿ ನಾವಿಬ್ಬರೂ ಕತ್ತಲಲ್ಲಿ ಎದ್ದು ಬಹಳ ಹೊತ್ತು ಸೊಳ್ಳೆ ಹುಡುಕಿದೆವು. ಓಣಿಯ ದೀಪದ ಸಮಸ್ಯೆ ಇದರ ಉಲ್ಟಾ: ಆರಿಸಿದ ಮೇಲೂ ಅದು ಮಂಕಾಗಿ ಬೆಳಗುತ್ತಿತ್ತು. ಸ್ವಿಚ್ಚಿನಲ್ಲಿರುವ ಪುಟ್ಟ ಸೂಚಕ ದೀಪದ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತೇ ಎಲ್‌ಇಡಿಗೆ ಸಾಕಾಗಿಬಿಡುತ್ತದೆ. ಅತ್ತೆಯವರು ಮಾತ್ರ ಅದು ನನ್ನ ಮರೆವೆಂದೇ ತಿಳಿದು, ರಾತ್ರಿ ಎದ್ದಾಗಲೆಲ್ಲ ಆ ಸ್ವಿಚ್ಚನ್ನು ಒತ್ತಿ ಆರಿಸಲು ಹೋಗಿ, ಓಣಿಯನ್ನೆಲ್ಲ ಬೆಳಗಿಸಿ ಎಲ್ಲರನ್ನೂ ಎಬ್ಬಿಸುತ್ತಿದ್ದರು.

ಪೆಟ್ಟಿಗೆಯ ಮೇಲೆ 25,000 ಗಂಟೆಗಳ ಆಯುಸ್ಸು ಎಂದಿರುತ್ತದೆ. ದಿನಕ್ಕೆ ಐದು ಗಂಟೆ ಉರಿಸಿದರೆ ಅದು ಹದಿಮೂರು ವರ್ಷ ದಾಟುತ್ತದೆ. ಸಾಮಾನ್ಯವಾಗಿ ಈ ಲೆಕ್ಕ ಬೆಳಕು ಶೇಕಡ 70ಕ್ಕೆ ಇಳಿಯುವವರೆಗಿನದು, ಅದೂ ಎಲ್‌ಇಡಿಯದು. ಅದಕ್ಕೆ ವಿದ್ಯುತ್ ಉಣಿಸುವ ಡ್ರೈವರ್ ಎಂಬ ಡಬ್ಬಿ ಸೀಲಿಂಗಿನ ಸೆಕೆಯಲ್ಲಿ ಬೆಂದು ಎಷ್ಟೋ ಮೊದಲೇ ಕಣ್ಣು ಮುಚ್ಚುವುದುಂಟು. ನಡುಮನೆಯ ಸಾಲಿನ ನಟ್ಟನಡುವಿನ ದೀಪ ಹಾಗೆಯೇ ಹೋಯಿತು. ಅಷ್ಟರಲ್ಲಿ ಆ ಮಾದರಿ ನಿಂತುಹೋಗಿತ್ತು, ಹೊಸದರ ಬಿಳುಪು ಹಳೆಯದಕ್ಕೆ ಹೊಂದುತ್ತಿರಲಿಲ್ಲ. ಉಳಿದೆಲ್ಲ ಕೋಣೆಗಳಿಗೂ ಅದೇ ದೀಪಗಳನ್ನು ಹಾಕಿಸಿದ್ದರಿಂದ ಮಗಳು ಒಂದು ಉಪಾಯ ಹೇಳಿದಳು: ಉಗ್ರಾಣದ ದೀಪವನ್ನು ನಡುಮನೆಗೆ ವರ್ಗ ಮಾಡುವುದು. ಉಗ್ರಾಣಕ್ಕೆ ಬೆಳಕು ಬೇಕೆಂದು ಅತ್ತೆಯವರು ತಕರಾರು ತೆಗೆದಾಗ ಬಾಲ್ಕನಿಯದು ಉಗ್ರಾಣಕ್ಕೆ ಬಂತು. ಬಾಲ್ಕನಿಯಲ್ಲಿ ಮಾವನವರು ಎಡವಿದ ಮೇಲೆ ಅಟ್ಟದ ಮೆಟ್ಟಿಲಿನದು ಬಾಲ್ಕನಿಗೆ ಬಂತು. ಸದ್ಯಕ್ಕೆ ಕತ್ತಲೆ ಮೆಟ್ಟಿಲಿನ ಮೇಲಿದೆ, ಮುಂದಿನ ವರ್ಗಾವಣೆಯ ಆದೇಶ ಇನ್ನೂ ಬಂದಿಲ್ಲ.