ನೀಲಿ ಸೀರಮ್ ಹಚ್ಕೊಳ್ಳಿ, ಸೂಜಿ ಮಾತ್ರ ಬೇಡ

ನಮ್ಮ ಮೆಡಿಕಲ್ ಶಾಪಿಗೆ ಬರೋ ಹುಡುಗ್ರು ಹುಡುಗೀರು ಈಗೀಗ ರೀಲ್ ತೋರ್ಸಿ "ಅಣ್ಣಾ, ಕಾಪರ್ ಪೆಪ್ಟೈಡ್ ಇದ್ಯಾ, ಮೊಡವೆ ಗುಳಿ ತುಂಬತ್ತಾ" ಅಂತ ಕೇಳ್ತಾರೆ. ಕೌಂಟರಲ್ಲಿ ರಶ್ ಇದ್ದಾಗ ಪೂರ್ತಿ ಹೇಳಕ್ಕಾಗಲ್ಲ, ಅದ್ಕೆ ಇಲ್ಲಿ ಬರೀತಿದೀನಿ.

ಇದು ಬರೀ ಬುರುಡೆ ಏನಲ್ಲ. ಪೆಪ್ಟೈಡ್ ಅಂದ್ರೆ ಪ್ರೋಟೀನಿನ ಚಿಕ್ಕ ಚೂರು, ನೀಲಿ ಸೀರಮಲ್ಲಿರೋ ಕಾಪರ್ ಪೆಪ್ಟೈಡ್ ಅಂದ್ರೆ ತಾಮ್ರ ಸೇರಿದ ಜಿಎಚ್‌ಕೆ. ಜಿಎಚ್‌ಕೆ ಅನ್ನೋದು ಮೂರೇ ಅಮೈನೋ ಆಸಿಡ್‌ನ ಪೆಪ್ಟೈಡ್, ನಮ್ಮ ರಕ್ತದಲ್ಲೇ ಇರತ್ತೆ, 1973ರಲ್ಲಿ ಲೊರೆನ್ ಪಿಕಾರ್ಟ್ ಅನ್ನೋ ವಿಜ್ಞಾನಿ ಕಂಡುಹಿಡಿದದ್ದು. ಅದು ತಾಮ್ರನ ಗಟ್ಟಿಯಾಗಿ ಹಿಡ್ಕೊಳತ್ತೆ, ಆ ನೀಲಿ ಬಣ್ಣ ಬರೋದೂ ಅದ್ರಿಂದಾನೇ. ಚರ್ಮಕ್ಕೆ ಬಿಗಿ ಕೊಡೋ ಕೊಲಾಜೆನ್ ಅನ್ನೋ ಪ್ರೋಟೀನಿನ ಎಳೆಗಳನ್ನ ಒಂದಕ್ಕೊಂದು ಬಿಗಿಯೋ ಎನ್‌ಜೈಮಿಗೆ ತಾಮ್ರ ಬೇಕೇ ಬೇಕು, ಲ್ಯಾಬಲ್ಲಿ ಚರ್ಮದ ಕೋಶಗಳಿಗೆ ಈ ಪೆಪ್ಟೈಡ್ ಹಾಕಿದ್ರೆ ಕೊಲಾಜೆನ್ ಜಾಸ್ತಿ ಆಗೋದನ್ನೂ ನೋಡಿದಾರೆ. ಆದ್ರೆ ಜನರ ಮುಖಕ್ಕೆ ಹಚ್ಚಿ ಮಾಡಿದ ಪ್ರಯೋಗಗಳು ತುಂಬಾ ಚಿಕ್ಕವು. ಲೇಸರ್ ಮಾಡಿಸ್ಕೊಂಡವ್ರಿಗೆ ಹಚ್ಚಿ ನೋಡಿದ 2006ರ ಒಂದು ಪ್ರಯೋಗದಲ್ಲಿ ಮುಖದ ಕೆಂಪು ಬೇಗ ಇಳಿದಿದ್ದು ಕಾಣಲಿಲ್ಲ. ಸಣ್ಣ ಗೆರೆ ಸ್ವಲ್ಪ ಕಮ್ಮಿ ಆಗ್ಬೋದು, ಚರ್ಮ ಮೆತ್ತಗಾಗ್ಬೋದು, ಆಳದ ಗುಳಿ ಮಾತ್ರ ಸೀರಮಿಂದ ತುಂಬಲ್ಲ, ಅದಕ್ಕೆ ಸ್ಕಿನ್ ಡಾಕ್ಟರ್ ಹತ್ರಾನೇ ಹೋಗ್ಬೇಕು.

ನಂಗೆ ನಿಜವಾಗ್ಲೂ ಭಯ ಆಗೋದು ಇದನ್ನೇ ಸೂಜೀಲಿ ಚುಚ್ಕೊಳ್ಳೋ ವಿಷಯಕ್ಕೆ. ಮೊನ್ನೆ ಒಬ್ಬ ಹುಡುಗ ಇನ್ಸುಲಿನ್ ಸಿರಿಂಜು, ಸ್ಟೆರೈಲ್ ವಾಟರ್ ಕೇಳ್ದ. ಯಾರಿಗಪ್ಪಾ ಶುಗರ್ ಅಂದ್ರೆ ಜೇಬಿಂದ ಒಂದು ವಯಲ್ ತೆಗ್ದ, ರಬ್ಬರ್ ಮುಚ್ಚಳ, ತಳದಲ್ಲಿ ಚಿಟಿಕೆಯಷ್ಟು ನೀಲಿ ಪುಡಿ, ಮೇಲೆ "ರಿಸರ್ಚ್ ಯೂಸ್ ಓನ್ಲಿ" ಅಂತ ಲೇಬಲ್, ಬ್ಯಾಚ್ ನಂಬರ್ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಮಾಡಿದವ್ರ ಅಡ್ರೆಸ್ಸೂ ಇಲ್ಲ. ನಾನು ಸಿರಿಂಜ್ ಕೊಡ್ಲಿಲ್ಲ. ಅದ್ರಲ್ಲಿ ಏನು ಬೆರೆತಿದೆ, ಎಷ್ಟಿದೆ, ಬ್ಯಾಕ್ಟೀರಿಯಾ ಇದ್ಯಾ ಇಲ್ವಾ ಅಂತ ಚುಚ್ಕೊಳ್ಳೋನಿಗೆ ಗೊತ್ತಾಗೋ ದಾರೀನೇ ಇಲ್ಲ. ಮನೇಲೇ ಡರ್ಮಾರೋಲರ್ (ಸಣ್ಣ ಸಣ್ಣ ಸೂಜಿ ಇರೋ ರೋಲರ್) ಉಜ್ಜಿ ಅದ್ರ ಮೇಲೆ ಸೀರಮ್ ಸುರಿಯೋದೂ ಹಾಗೇನೇ, ಮೇಲೆ ಹಚ್ಚಕ್ಕೆ ಅಂತ ಮಾಡಿದ್ರಲ್ಲಿರೋ ಸೆಂಟು, ಪ್ರಿಸರ್ವೇಟಿವ್ ಎಲ್ಲ ಒಳಗಿಳಿಯತ್ತೆ. ಹೀಗೆ ವಿಟಮಿನ್ ಸಿ ಸೀರಮ್ ಹಾಕಿಸ್ಕೊಂಡವ್ರ ಮುಖದಲ್ಲಿ ಗಂಟು ಗಂಟಾಗಿ ಎದ್ದಿರೋದು ಡಾಕ್ಟರುಗಳ ಜರ್ನಲ್‌ನಲ್ಲೇ ಬಂದಿದೆ.

ಹಚ್ಲೇಬೇಕು ಅಂದ್ರೆ ಮೊದ್ಲು ಕಿವಿ ಹಿಂದೆ ಒಂಚೂರು ಹಚ್ಚಿ ಎರಡು ದಿನ ನೋಡಿ. ವಿಟಮಿನ್ ಸಿ ಹಚ್ತಿದ್ರೆ ಅದು ಬೆಳಗ್ಗೆ, ಇದು ರಾತ್ರಿ, ಯಾಕಂದ್ರೆ ತಾಮ್ರ ತಗುಲಿದ್ರೆ ವಿಟಮಿನ್ ಸಿ ಬೇಗ ಕೆಡತ್ತೆ. ವಿಲ್ಸನ್ ಕಾಯಿಲೆ ಇರೋರ ಮೈಯಲ್ಲಿ ಮೊದಲೇ ತಾಮ್ರ ಸೇರ್ಕೊಂಡಿರತ್ತೆ, ಅವ್ರು ಡಾಕ್ಟರನ್ನ ಕೇಳ್ದೆ ಮುಟ್ಬೇಡಿ. ದುಡ್ಡು ಒಂದಕ್ಕೇ ಸಾಕಾಗತ್ತೆ ಅನ್ನೋರು ಸನ್‌ಸ್ಕ್ರೀನ್ ತಗೊಳ್ಳಿ, ಕಲೆ ಕಪ್ಪಾಗ್ದೇ ಇರಕ್ಕೆ ಇದಕ್ಕಿಂತ ಅದೇ ಮುಖ್ಯ.